ಪರೀಕ್ಷೆ ಬರೆದು ಕಾಲೇಜಿನ ಖರ್ಚಿಗೆ ಹಣ ಹುಟ್ಟಿಸುವ ಬಗೆ: ಕಾಸರಗೋಡಿನ ಮಕ್ಕಳಿಗೆ

ಪ್ಲಸ್ ಟು ಫಲಿತಾಂಶ ಬಂದ ವಾರ ನಮ್ಮ ಮನೆಯ ಜಗಲಿಗೆ ಯಾರಾದರೊಬ್ಬರು ತಂದೆಯೋ ತಾಯಿಯೋ ಬಂದೇ ಬರುತ್ತಾರೆ. ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಮಗಳ ಅಂಕಪಟ್ಟಿಯ ಫೋಟೋ. "ಟೀಚರ್, ಶೇಕಡಾ ತೊಂಬತ್ತನಾಲ್ಕು ಬಂದಿದೆ. ಇದಕ್ಕೆ ಯಾವ ಸ್ಕಾಲರ್‌ಶಿಪ್ ಸಿಗುತ್ತದೆ?" ನಾನು ಮೊದಲು ಬೆಲ್ಲ, ನೀರು ಕೊಡುತ್ತೇನೆ. ಆಮೇಲೆ ಹೇಳಬೇಕಾದ ಮಾತು ಅಷ್ಟು ಸಿಹಿಯಾಗಿರುವುದಿಲ್ಲ. ಕೊಳೆರೋಗ ಬಂದು ಅಡಿಕೆ ಉದುರಿದ ಮೇಲೆ ತೋಟಕ್ಕೆ ಮದ್ದು ಬಿಡುವವರಿಲ್ಲ. ಮಳೆ ಹಿಡಿಯುವ ಮೊದಲೇ ಬಿಡುತ್ತಾರೆ. ಅಡಿಕೆಯ ವಿಷಯದಲ್ಲಿ ಇಷ್ಟು ಜಾಣರಾದ ನಮ್ಮೂರಿನವರು ಮಕ್ಕಳ ಸ್ಕಾಲರ್‌ಶಿಪ್ಪಿನ ವಿಷಯದಲ್ಲಿ ಮಾತ್ರ ಉದುರಿದ ಮೇಲೆ ಮದ್ದು ಹುಡುಕುತ್ತಾರೆ.

ಬದಿಯಡ್ಕದ ಕಡೆಯ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಮೂವತ್ತೆರಡು ವರ್ಷ ಗಣಿತ ಕಲಿಸಿದೆ. ನಿವೃತ್ತಿಯಾದ ಮೇಲೆ ಶನಿವಾರಗಳಂದು ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ, ತಡವಾಗಿ ಬಂದರೆ ಬೈಯುತ್ತೇನೆ. ಇಷ್ಟು ವರ್ಷ ಕಂಡದ್ದರಲ್ಲಿ ಒಂದು ಮಾತ್ರ ಖಚಿತ: ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸ್ಕಾಲರ್‌ಶಿಪ್ ಕಳೆದುಕೊಳ್ಳುವುದು ಪರೀಕ್ಷೆಯ ಕೋಣೆಯೊಳಗಲ್ಲ. ಅರ್ಜಿಯ ದಿನ ಗೊತ್ತಿಲ್ಲದೆ, ಮಾಧ್ಯಮದ ಕಾಲಂ ನೋಡದೆ, ಹೆಸರಿನ ಒಂದು ಅಕ್ಷರ ತಪ್ಪಾಗಿ, ಕೋಣೆಯ ಹೊರಗೇ ಕಳೆದುಕೊಳ್ಳುತ್ತಾರೆ. ಆದ್ದರಿಂದ ಈ ಬರಹದಲ್ಲಿ ಲೆಕ್ಕದಷ್ಟೇ ಕಾಗದಪತ್ರದ ಮಾತೂ ಬರುತ್ತದೆ.

ಎಂಟನೆಯ ತರಗತಿಯಿಂದ ಆರಂಭ

ಕಾಲೇಜಿನ ಖರ್ಚಿನ ವಿಷಯಕ್ಕೆ ಎಂಟನೆಯ ತರಗತಿಯನ್ನು ಏಕೆ ಎಳೆದು ತರುತ್ತೀರಿ ಎಂದು ಕೇಳಬೇಡಿ. ಎನ್‌ಎಂಎಂಎಸ್ ಎಂಬ ಪರೀಕ್ಷೆ ಬರೆಯಲು ಅವಕಾಶವಿರುವುದು ಎಂಟರಲ್ಲಿ ಮಾತ್ರ. ಕೇಂದ್ರ ಸರಕಾರ 2008ರಲ್ಲಿ ಆರಂಭಿಸಿದ ಯೋಜನೆ ಇದು; ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ಸ್ಕಾಲರ್‌ಶಿಪ್, ಅದರಲ್ಲಿ ಕೇರಳದ ಪಾಲು 3,473. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷಕ್ಕೆ 48,000. ಆ ಹಣವನ್ನು ಮುಟ್ಟದೆ ಇಟ್ಟ ಮನೆಗಳಿವೆ. ಪ್ಲಸ್ ಟು ಮುಗಿಯುವ ಹೊತ್ತಿಗೆ ಸರಕಾರಿ ಕಾಲೇಜಿನ ಶುಲ್ಕ, ಬಸ್ಸಿನ ಖರ್ಚು, ಪುಸ್ತಕ ಎಲ್ಲ ಅದರಿಂದಲೇ ನಡೆದದ್ದನ್ನು ನೋಡಿದ್ದೇನೆ.

ಯಾರು ಬರೆಯಬಹುದು? ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟರಲ್ಲಿ ಓದುತ್ತಿರಬೇಕು, ಏಳರಲ್ಲಿ ಶೇಕಡಾ 55 ಅಂಕವಿರಬೇಕು (ಪರಿಶಿಷ್ಟ ಜಾತಿ, ಪಂಗಡದವರಿಗೆ 50 ಸಾಕು), ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದು. ಅನುದಾನವಿಲ್ಲದ ಖಾಸಗಿ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯದ ಮಕ್ಕಳಿಗೆ ಇಲ್ಲ. ಏಳರ ನಂತರ ಮಗುವನ್ನು ಇಂಗ್ಲಿಷ್ ಶಾಲೆಗೆ ಬದಲಿಸುವವರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಲಿ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಮೊದಲನೆಯದು ಮ್ಯಾಟ್, ಅಂದರೆ ಬುದ್ಧಿಶಕ್ತಿಯ ಪ್ರಶ್ನೆಗಳು. ಎರಡನೆಯದು ಸ್ಯಾಟ್, ಏಳು ಮತ್ತು ಎಂಟರ ಪಾಠಗಳಿಂದ: ಸಮಾಜ ವಿಜ್ಞಾನ 35, ವಿಜ್ಞಾನ 35, ಗಣಿತ 20. ಒಂದೊಂದರಲ್ಲೂ 90 ಪ್ರಶ್ನೆ, ಒಂದೊಂದಕ್ಕೂ 90 ನಿಮಿಷ. ಎರಡೂ ಸೇರಿ ಶೇಕಡಾ 40 ಬಂದರೆ ಅರ್ಹತೆ, ಅಂದರೆ 180ರಲ್ಲಿ 72. ಪರಿಶಿಷ್ಟರಿಗೆ ಶೇಕಡಾ 32. ಇಲ್ಲೇ ಹೆತ್ತವರು ಎಡವುತ್ತಾರೆ. 72 ಬಂದರೆ ಹಣ ಬಂತು ಎಂದು ಲಾಡು ಹಂಚಿದವರನ್ನು ನಾನು ಬಲ್ಲೆ. ಅರ್ಹತೆ ಬೇರೆ, ಆಯ್ಕೆ ಬೇರೆ. ಗೆರೆ ದಾಟಿದವರನ್ನು ಅಂಕದ ಕ್ರಮದಲ್ಲಿ ನಿಲ್ಲಿಸಿ, ಜಿಲ್ಲೆಯ ಪಾಲು ಮತ್ತು ಮೀಸಲಾತಿಗೆ ತಕ್ಕಂತೆ ಆರಿಸುತ್ತಾರೆ. ಆದ್ದರಿಂದ ನನ್ನ ಜಗಲಿಯಲ್ಲಿ 72ರ ಮಾತೇ ಇಲ್ಲ. ಒಂದೊಂದು ಪತ್ರಿಕೆಯಲ್ಲಿ 65ರ ಮೇಲೆ ಎನ್ನುವುದು ನಾನು ಇಟ್ಟುಕೊಂಡ ಗುರಿ.

ಸಲೂನಿನ ಗಡಿಯಾರ

ಮ್ಯಾಟ್ ಎಂದರೆ ಹುಟ್ಟಿನಿಂದ ಬಂದ ಬುದ್ಧಿ, ಅದನ್ನು ಕಲಿಸಲು ಬಾರದು ಎಂಬ ಮೂಢನಂಬಿಕೆ ಮಾಸ್ಟ್ರುಗಳಲ್ಲೂ ಇದೆ. ಒಂದು ಉದಾಹರಣೆ ಕೊಡುತ್ತೇನೆ. "ಕನ್ನಡಿಯಲ್ಲಿ ನೋಡಿದಾಗ ಗಡಿಯಾರ 3 ಗಂಟೆ 40 ನಿಮಿಷ ತೋರಿಸಿದರೆ ನಿಜವಾದ ಸಮಯ ಎಷ್ಟು?" ಇಂಥ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಕ್ಕಳು ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳು ತಿರುಗಿಸಿ, ಎರಡು ನಿಮಿಷ ಕಳೆದು, ಕೊನೆಗೆ ಅಂದಾಜಿನಲ್ಲಿ ಒಂದು ಗುರುತು ಹಾಕುತ್ತಾರೆ.

ಒಬ್ಬ ಹುಡುಗನಿಗೆ ಇದು ಹೇಗೆ ಹೇಳಿದರೂ ತಲೆಗೆ ಹೋಗಲಿಲ್ಲ. ಮುಂದಿನ ಶನಿವಾರ ತಲೆ ಕತ್ತರಿಸಿಕೊಂಡು ಬಂದವನು ಚಪ್ಪಲಿ ಬಿಡುವ ಮೊದಲೇ, "ಟೀಚರ್, ಸಲೂನಿನಲ್ಲಿ ಹಿಂದಿನ ಗೋಡೆಯ ಗಡಿಯಾರ ಮುಂದಿನ ಕನ್ನಡಿಯಲ್ಲಿ ಕಂಡಿತು. ನನ್ನ ಸರದಿ ಬರುವವರೆಗೆ ಅದನ್ನೇ ನೋಡುತ್ತಿದ್ದೆ" ಎಂದ. ಏನು ಕಂಡೆ ಎಂದು ಕೇಳಿದೆ. "ಕನ್ನಡಿಯ ಮುಳ್ಳು ಹನ್ನೆರಡರಿಂದ ಬಲಕ್ಕೆ ಎಷ್ಟು ಹೋಗಿದೆಯೋ ನಿಜವಾದ ಮುಳ್ಳು ಎಡಕ್ಕೆ ಅಷ್ಟೇ ಹೋಗಿದೆ." ಅಷ್ಟು ಸಾಕು. ಕನ್ನಡಿಯ ಹೊತ್ತೂ ನಿಜವಾದ ಹೊತ್ತೂ ಸೇರಿದರೆ ಹನ್ನೆರಡು ಗಂಟೆ. ಹನ್ನೆರಡನ್ನು 11 ಗಂಟೆ 60 ನಿಮಿಷ ಎಂದು ಬರೆದುಕೊಂಡರೆ ಸಾಲ ತೆಗೆಯುವ ರಗಳೆಯಿಲ್ಲ: 11:60ರಿಂದ 3:40 ಕಳೆದರೆ 8:20. ಕನ್ನಡಿಯಲ್ಲಿ 12:15 ಕಂಡರೆ? 11:60ರಿಂದ ಕಳೆಯಲು ಆಗುವುದಿಲ್ಲ. 23:60 ಇಟ್ಟುಕೊಂಡು ಕಳೆಯಿರಿ, 11:45. ಪ್ರಶ್ನೆ ತೆಗೆಯುವವರು ಹುಡುಕಿ ಹುಡುಕಿ ಕೊಡುವುದು ಈ ಎರಡನೆಯ ಬಗೆಯದನ್ನೇ. ಈಗ ಆ ಹುಡುಗನಿಗೆ ಹತ್ತು ಸೆಕೆಂಡು ಸಾಕು.

ಮ್ಯಾಟ್‌ನಲ್ಲಿ ಹೀಗೆ ಹದಿನೈದು, ಇಪ್ಪತ್ತು ಬಗೆಯ ಪ್ರಶ್ನೆಗಳಿವೆ. ಸಂಖ್ಯಾಶ್ರೇಣಿ, ಅಕ್ಷರ ಸಂಕೇತ, ಗುಂಪಿಗೆ ಸೇರದ್ದು, ದಿಕ್ಕು, ರಕ್ತಸಂಬಂಧ, ಕ್ಯಾಲೆಂಡರು, ಚಿತ್ರದ ಮಡಿಕೆ, ವೆನ್ ಚಿತ್ರ. ಒಂದೊಂದು ಬಗೆಯನ್ನು ಒಂದೊಂದು ವಾರ ಹಿಡಿದು ಕೂತರೆ ಜೂನ್‌ನಿಂದ ಅಕ್ಟೋಬರ್ ಸಾಕು. ಮಗು ತಪ್ಪು ಮಾಡಿದ ಲೆಕ್ಕವನ್ನು ಬೇರೊಂದು ಪುಸ್ತಕದಲ್ಲಿ ಬರೆಸುತ್ತೇನೆ, ಸರಿಯಾದದ್ದನ್ನು ಬರೆಸುವುದಿಲ್ಲ. ಪರೀಕ್ಷೆಯ ಹಿಂದಿನ ವಾರ ಓದಬೇಕಾದದ್ದು ಆ ತಪ್ಪಿನ ಪುಸ್ತಕ ಒಂದನ್ನೇ.

ಗಡಿಯವರಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಬಳಸುವವರು ಕಡಿಮೆ. ಕರ್ನಾಟಕದಲ್ಲೂ ಇದೇ ಪರೀಕ್ಷೆ ನಡೆಯುತ್ತದೆ, ಅಲ್ಲಿನ ಹಳೆಯ ಪ್ರಶ್ನೆಪತ್ರಿಕೆಗಳೂ ಮಾರ್ಗದರ್ಶಿಗಳೂ ಕನ್ನಡದಲ್ಲಿ ಧಾರಾಳವಾಗಿ ಸಿಗುತ್ತವೆ. ಮಂಗಳೂರಿಗೆ ಹೋದವರ ಕೈಯಲ್ಲಿ ಒಂದು ತರಿಸಿಕೊಳ್ಳಿ. ಆದರೆ ಮ್ಯಾಟ್ ಭಾಗವನ್ನು ಮಾತ್ರ ಬಳಸಿ. ಸ್ಯಾಟ್ ಭಾಗ ಕರ್ನಾಟಕದ ಪಠ್ಯಕ್ಕೆ ಹೊಂದಿಕೊಂಡದ್ದು. ನಮ್ಮದು ಕೇರಳದ ಪಠ್ಯ. ಸಮಾಜ ವಿಜ್ಞಾನದಲ್ಲಿ ಅದನ್ನು ನಂಬಿ ಓದಿದರೆ ಓದಿದ್ದೂ ಹೋಯಿತು, ಹೊತ್ತೂ ಹೋಯಿತು. ಸ್ಯಾಟ್‌ಗೆ ನಮ್ಮ ಏಳು, ಎಂಟರ ಪಠ್ಯಪುಸ್ತಕವನ್ನು ಚಿತ್ರದ ಕೆಳಗಿನ ಸಾಲೂ ಬಿಡದೆ ಓದುವುದೇ ದಾರಿ.

90 ನಿಮಿಷವನ್ನು ಹೇಗೆ ಕಳೆಯಬೇಕು? ಮೂರು ಸುತ್ತು. ಮೊದಲ ಸುತ್ತಿನಲ್ಲಿ ಕಂಡ ಕೂಡಲೇ ಉತ್ತರ ಹೊಳೆಯುವವು, ಎರಡನೆಯದರಲ್ಲಿ ಪೆನ್ನು ಬೇಕಾದವು, ಮೂರನೆಯದರಲ್ಲಿ ಉಳಿದವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ವೃತ್ತವನ್ನೂ ಖಾಲಿ ಬಿಡಬಾರದು. ಪ್ರಶ್ನೆ ಬಿಟ್ಟು ಮುಂದೆ ಹೋಗುವಾಗ ಉತ್ತರದ ಹಾಳೆಯಲ್ಲೂ ಆ ಸಾಲು ಬಿಟ್ಟಿದೆಯೇ ಎಂದು ನೋಡಿಕೊಳ್ಳಿ. 31ನೆಯದನ್ನು ಬಿಟ್ಟು 32ರ ಉತ್ತರವನ್ನು 31ರಲ್ಲಿ ತುಂಬಿಸಿ, ಅಲ್ಲಿಂದ ಕೊನೆಯವರೆಗೆ ಒಂದೊಂದು ಮನೆ ಹಿಂದೆ ಬಿದ್ದ ಹುಡುಗಿಯೊಬ್ಬಳು ನನ್ನಲ್ಲಿದ್ದಳು. ಅದು ಅವಳಿಗೆ ಗೊತ್ತಾದದ್ದು ಕೊನೆಯ ಎರಡು ನಿಮಿಷದಲ್ಲಿ. ಅವಳ ಮುಖ ಈಗಲೂ ನೆನಪಾಗುತ್ತದೆ.

ಮಾಧ್ಯಮ, ಹೆಸರು, ಮತ್ತಿತರ ಮುಳ್ಳುಗಳು

ಕೇರಳದ ಎನ್‌ಎಂಎಂಎಸ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಆದರೆ ಅದು ತಾನಾಗಿ ಬಂದು ಮೇಜಿನ ಮೇಲೆ ಕೂರುವುದಿಲ್ಲ. ಅರ್ಜಿಯ ಮಾಧ್ಯಮದ ಕಾಲಂನಲ್ಲಿ ಕನ್ನಡ ಎಂದು ಆರಿಸಿರಬೇಕು. ಒಂದು ವರ್ಷ ನಮ್ಮ ಶಾಲೆಯ ಇಬ್ಬರ ಅರ್ಜಿಯನ್ನು ಕಡೆಯ ದಿನದ ಗಡಿಬಿಡಿಯಲ್ಲಿ ತುಂಬಿಸಿದವರು ಆ ಕಾಲಂ ನೋಡಲಿಲ್ಲ. ನಾನೂ ನೋಡಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಪರೀಕ್ಷೆಯ ದಿನ ಮಕ್ಕಳ ಕೈಗೆ ಮಲಯಾಳ ಪತ್ರಿಕೆ ಬಂತು. ಅವರಿಗೆ ಮಲಯಾಳ ಮಾತನಾಡಲು ಚೆನ್ನಾಗಿ ಬರುತ್ತದೆ, ಬಸ್ಸಿನ ಬೋರ್ಡು ಓದುತ್ತಾರೆ. ಆದರೆ ವಿಜ್ಞಾನದ ಪದಗಳನ್ನು ಮಲಯಾಳದಲ್ಲಿ ಕಂಡದ್ದೇ ಇಲ್ಲ. ಅಂದಿನಿಂದ ನನ್ನದೊಂದು ನಿಯಮ: ಅರ್ಜಿ ಕಳುಹಿಸುವ ಮೊದಲು ಒಂದು ಪ್ರತಿ ತೆಗೆದು ಮಗುವಿನ ಕೈಯಲ್ಲಿ ಗಟ್ಟಿಯಾಗಿ ಓದಿಸಬೇಕು, ಹಾಲ್ ಟಿಕೆಟ್ ಬಂದ ದಿನ ಮತ್ತೊಮ್ಮೆ.

ಭಾಷೆಯ ಈ ತೊಡಕು ದೊಡ್ಡ ಪರೀಕ್ಷೆಗಳಲ್ಲೂ ಇದೆ. ನೀಟ್ ಮತ್ತು ಜೆಇಇ ಮೈನ್ ಎರಡೂ 13 ಭಾಷೆಗಳಲ್ಲಿ ನಡೆಯುತ್ತವೆ, ಕನ್ನಡವೂ ಅದರಲ್ಲಿದೆ. ಆದರೆ ಕನ್ನಡ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಕೇಂದ್ರ ಆರಿಸಿಕೊಂಡರೆ ಮಲಯಾಳ, ಇಂಗ್ಲಿಷ್, ಹಿಂದಿ ಅಥವಾ ಉರ್ದು. ಕನ್ನಡದಲ್ಲೇ ಬರೆಯುತ್ತೇನೆ ಎನ್ನುವವರು ಮಂಗಳೂರನ್ನು ಕೇಂದ್ರವಾಗಿ ಆರಿಸಬೇಕು. ಮನೆಗೆ ಹತ್ತಿರ ಎಂದು ಕಾಸರಗೋಡು ಒತ್ತಿ ಆಮೇಲೆ ಪೇಚಾಡುವುದು ಬೇಡ.

ಇನ್ನು ಹೆಸರು. ಪ್ರಜ್ಞಾ ಎಂಬ ಹುಡುಗಿಯ ಕತೆ ಹೇಳುತ್ತೇನೆ. ಕನ್ನಡದಲ್ಲಿ ಎಷ್ಟು ಚೆಂದದ ಹೆಸರು! ಶಾಲೆಯ ದಾಖಲೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಅದರ ನಡುವೆ ಜೆ-ಎನ್ ಇತ್ತು, ಆಧಾರ್‌ನಲ್ಲಿ ಜಿ-ಎನ್, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಜೆ-ಎನ್-ವೈ ಮತ್ತು ಕೊನೆಗೆ ಒಂದು ಕೆ. ಆ ಕೆ ಅವರ ಮನೆಯ ಹೆಸರಿನ ಮೊದಲಕ್ಷರ. ಶಾಲೆಯಲ್ಲಿ ಅದು ಇರಲಿಲ್ಲ. ಮೂರು ಕಾಗದದಲ್ಲಿ ಮೂರು ಹುಡುಗಿಯರು. ಪರೀಕ್ಷೆಯಲ್ಲಿ ಆಯ್ಕೆಯಾದಳು, ಹಣ ಮಾತ್ರ ಒಂದು ವರ್ಷ ಅಲೆದಾಡಿತು. ಅವಳ ಅಪ್ಪ ಕೂಲಿ ಬಿಟ್ಟು ಅಕ್ಷಯ ಕೇಂದ್ರ (ಸರಕಾರಿ ಅರ್ಜಿಗಳನ್ನು ತುಂಬಿಸುವ ಕೇಂದ್ರ), ಬ್ಯಾಂಕು, ಶಾಲೆ ಎಂದು ಸುತ್ತಿದ ದಿನಗಳನ್ನು ಲೆಕ್ಕ ಹಾಕಿದರೆ ಬಂದ ಹಣದಲ್ಲಿ ಎಷ್ಟು ಉಳಿಯಿತೋ ತಿಳಿಯದು.

ಆದ್ದರಿಂದ ಮಗು ಏಳರಲ್ಲಿರುವಾಗಲೇ ಒಂದು ಸಂಜೆ ಕೂತು ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಹತ್ತಿರ ಹತ್ತಿರ ಇಟ್ಟು ಒಂದೊಂದೇ ಅಕ್ಷರ ಓದಿ. ವ್ಯತ್ಯಾಸವಿದ್ದರೆ ಹತ್ತನೆಯ ತರಗತಿಯ ಪ್ರಮಾಣಪತ್ರ ಮುದ್ರಣವಾಗುವ ಮೊದಲು ಸರಿ ಮಾಡಿಸಿ. ಆಮೇಲೆ ತಿದ್ದುವುದು ಬಾವಿ ತೋಡಿದ ಹಾಗೆ. ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲೇ ಇರಲಿ. ಅದಕ್ಕೆ ಆಧಾರ್ ಜೋಡಣೆಯಾಗಿದೆಯೇ, ಸರಕಾರದ ಹಣ ಬಂದು ಬೀಳುವ ಖಾತೆ ಅದೇ ಎಂದು ನಮೂದಾಗಿದೆಯೇ, ಈ ಎರಡು ಪ್ರಶ್ನೆಯನ್ನು ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ. ಆದಾಯ ಪ್ರಮಾಣಪತ್ರಕ್ಕೆ ಅಕ್ಷಯ ಕೇಂದ್ರದಿಂದ ಅರ್ಜಿ ಹಾಕಿದರೆ ವಿಲೇಜ್ ಆಫೀಸಿನಿಂದ ಸಿಗುತ್ತದೆ. ಕೊನೆಯ ವಾರ ಎಲ್ಲರೂ ಒಟ್ಟಿಗೆ ಹೋಗುತ್ತಾರೆ, ನೀವು ಎರಡು ತಿಂಗಳು ಮೊದಲೇ ಹೋಗಿ.

ಆಯ್ಕೆಯಾದ ಮೇಲೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ದಾಖಲಿಸಬೇಕು, ಪ್ರತಿ ವರ್ಷ ನವೀಕರಿಸಬೇಕು. ಹತ್ತರಲ್ಲಿ ಶೇಕಡಾ 60, ಒಂಬತ್ತು ಮತ್ತು ಹನ್ನೊಂದರಲ್ಲಿ 55 ಬಂದಿರಬೇಕು. ಪರಿಶಿಷ್ಟರಿಗೆ ಐದು ಕಡಿಮೆ. ಹತ್ತು ಮುಗಿದು ಬೇರೆ ಶಾಲೆಯ ಪ್ಲಸ್ ವನ್‌ಗೆ ಸೇರುವ ವರ್ಷ ನವೀಕರಣ ತಪ್ಪಿಹೋಗುವುದು ಹೆಚ್ಚು. ಹೊಸ ಶಾಲೆಗೆ ಇವಳಿಗೆ ಸ್ಕಾಲರ್‌ಶಿಪ್ ಇದೆ ಎಂದು ಗೊತ್ತಿರುವುದಿಲ್ಲ, ಹಳೆಯ ಶಾಲೆಗೆ ಇವಳು ನಮ್ಮವಳಲ್ಲ. ನೀವೇ ಹೋಗಿ ಹೇಳಬೇಕು.

ಪ್ಲಸ್ ಟು ಆದ ಮೇಲೆ

ಮೇ ತಿಂಗಳಲ್ಲಿ ಬರುವ ಅಪ್ಪಂದಿರಿಗೆ ನಾನು ಮೊದಲು ಬಿಡಿಸಿ ಹೇಳುವುದು ಶೇಕಡಾ ಬೇರೆ, ಪರ್ಸೆಂಟೈಲ್ ಬೇರೆ ಎಂಬುದನ್ನು. ಕೇಂದ್ರ ಸರಕಾರದ ಕಾಲೇಜು ಸ್ಕಾಲರ್‌ಶಿಪ್ ಒಂದಿದೆ: ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000, ಆದಾಯದ ಮಿತಿ ನಾಲ್ಕೂವರೆ ಲಕ್ಷ, ದೇಶಕ್ಕೆ 82,000, ಅದರಲ್ಲಿ ಅರ್ಧ ಹುಡುಗಿಯರಿಗೆ. ಅದಕ್ಕೆ ಬೇಕಾದದ್ದು ಶೇಕಡಾ 80 ಅಲ್ಲ, ಬೋರ್ಡಿನ 80ನೆಯ ಪರ್ಸೆಂಟೈಲ್‌ಗಿಂತ ಮೇಲಿನ ಸ್ಥಾನ. ನಿಮ್ಮ ವಿಭಾಗದಲ್ಲಿ ಬರೆದವರು ನೂರು ಮಂದಿ ಎಂದಿಟ್ಟುಕೊಂಡು ಅಂಕದ ಕ್ರಮದಲ್ಲಿ ಸಾಲು ನಿಲ್ಲಿಸಿ. ನಿಮ್ಮ ಹಿಂದೆ ಎಂಬತ್ತು ಮಂದಿ ಇರಬೇಕು. ಎಲ್ಲರಿಗೂ ಅಂಕ ಸುರಿದ ವರ್ಷದಲ್ಲಿ ಶೇಕಡಾ 88 ಬಂದವಳೂ ಹಿಂದೆ ಉಳಿಯಬಹುದು, ಪತ್ರಿಕೆ ಕಠಿಣವಾದ ವರ್ಷದಲ್ಲಿ 78 ಬಂದವಳೂ ಮುಂದೆ ಬರಬಹುದು. ಆದ್ದರಿಂದ ಅಂಕ ಕಡಿಮೆ ಎಂದು ನೀವೇ ತೀರ್ಮಾನಿಸಿ ಅರ್ಜಿ ಹಾಕದೆ ಇರಬೇಡಿ.

ಕೇರಳ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನದೂ ಒಂದಿದೆ. ಮೊದಲ ವರ್ಷ 12,000, ಎರಡನೆಯ ವರ್ಷ 18,000, ಮೂರನೆಯ ವರ್ಷ 24,000. ಇದೂ ಪ್ಲಸ್ ಟು ಅಂಕದ ಮೇಲೆಯೇ. ಬಿಎಸ್ಸಿಗೆ ಹೋಗುವವರಿಗೆ ಕೇಂದ್ರ ಸರಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ದೊಡ್ಡದು, ವರ್ಷಕ್ಕೆ 80,000. ತನ್ನ ಬೋರ್ಡಿನಲ್ಲಿ ಮೇಲಿನ ಶೇಕಡಾ ಒಂದರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ. ಅದಕ್ಕೆ ಆದಾಯದ ಮಿತಿಯಿಲ್ಲ. ನೀಟ್, ಜೆಇಇಯಲ್ಲಿ ಮೊದಲ ಹತ್ತು ಸಾವಿರದೊಳಗೆ ಬಂದೂ ಎಂಜಿನಿಯರಿಂಗ್, ವೈದ್ಯಕೀಯ ಬಿಟ್ಟು ಬಿಎಸ್ಸಿಗೆ ಹೋಗುವವರಿಗೂ ಸಿಗುತ್ತದೆ. ಅಂಥ ಮಗುವನ್ನು ನಾನಿನ್ನೂ ಕಂಡಿಲ್ಲ, ಅಂಥ ಹೆತ್ತವರನ್ನಂತೂ ಕಂಡೇ ಇಲ್ಲ.

ಪ್ರವೇಶ ಪರೀಕ್ಷೆಯ ಜೊತೆಗೇ ಹಣವೂ ಬರುವ ಎರಡು ದಾರಿಗಳ ಹೆಸರು ನಮ್ಮ ಕಡೆ ಹೆಚ್ಚಿನವರು ಕೇಳಿಯೇ ಇಲ್ಲ. ಒಂದು ನೆಸ್ಟ್ ಎಂಬ ಪ್ರವೇಶ ಪರೀಕ್ಷೆ. ಅದನ್ನು ಬರೆದು ಭುವನೇಶ್ವರದ ವಿಜ್ಞಾನ ಸಂಸ್ಥೆ ನೈಸರ್ ಅಥವಾ ಮುಂಬಯಿಯ ಮೂಲವಿಜ್ಞಾನ ಕೇಂದ್ರಕ್ಕೆ ಸೇರಿದರೆ ವರ್ಷಕ್ಕೆ 60,000, ಬೇಸಗೆಯ ಕಲಿಕೆಗೆ ಬೇರೆ 20,000. ಭೌತ, ರಸಾಯನ, ಜೀವ, ಗಣಿತ ನಾಲ್ಕು ಭಾಗದಲ್ಲಿ ಚೆನ್ನಾಗಿ ಮಾಡಿದ ಮೂರನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಗಣಿತ ಕಂಡರೆ ಓಡುವವರಿಗೂ ಅವಕಾಶವಿದೆ. ಗಣಿತದ ಟೀಚರ್ ಆಗಿ ಇದನ್ನು ಹೇಳಲು ನನಗೆ ಬೇಸರ.

ಇನ್ನೊಂದು ಭಾರತೀಯ ಸಾಂಖ್ಯಿಕ ಸಂಸ್ಥೆ, ಐಎಸ್‌ಐ. ಗಣಿತದ ಪದವಿ ಬೆಂಗಳೂರಿನಲ್ಲೇ ಇದೆ, ಮೈಸೂರು ರಸ್ತೆಯಲ್ಲಿ. ಬೋಧನಾ ಶುಲ್ಕವಿಲ್ಲ, ಚೆನ್ನಾಗಿ ಓದುತ್ತಿದ್ದರೆ ತಿಂಗಳಿಗೆ 5,000 ಅವರೇ ಕೊಡುತ್ತಾರೆ. ಪರೀಕ್ಷೆ ಮೇ ತಿಂಗಳಲ್ಲಿ, ಎರಡು ಪತ್ರಿಕೆ. ಒಂದು ಆಯ್ಕೆಯ ಉತ್ತರದ್ದು, ಇನ್ನೊಂದು ಬರೆದು ಸಾಧಿಸುವುದು. ಈ ಎರಡನೆಯದರಲ್ಲಿ ತರಬೇತಿ ಕೇಂದ್ರದ ಮಕ್ಕಳೂ ತಡವರಿಸುತ್ತಾರೆ, ಏಕೆಂದರೆ ಅಲ್ಲಿ ಉತ್ತರ ಗೊತ್ತಿದ್ದರೆ ಸಾಲದು. ಯಾವ ಪೂರ್ಣಸಂಖ್ಯೆಯನ್ನು ತೆಗೆದುಕೊಂಡರೂ ಅದರ ಘನದಿಂದ ಅದನ್ನೇ ಕಳೆದರೆ ಉಳಿಯುವುದು ಆರರಿಂದ ಭಾಗವಾಗುತ್ತದೆ. 5ರ ಘನ 125, ಅದರಿಂದ 5 ಹೋದರೆ 120, ಸರಿಯೇ. ಆದರೆ ಏಕೆ? ಉಳಿದದ್ದು ಯಾವಾಗಲೂ ಮೂರು ಅಕ್ಕಪಕ್ಕದ ಸಂಖ್ಯೆಗಳ ಗುಣಲಬ್ಧ, 4, 5, 6 ಇದ್ದ ಹಾಗೆ. ಮೂರರಲ್ಲಿ ಒಂದಾದರೂ ಸಮಸಂಖ್ಯೆ, ಒಂದು ಮೂರರ ಅಪವರ್ತ್ಯ. ಇಷ್ಟನ್ನು ಮೂರು ಸಾಲಿನಲ್ಲಿ ತಪ್ಪಿಲ್ಲದೆ ಬರೆಯುವ ಮಗು ಸಿಕ್ಕರೆ ಅದನ್ನು ಆ ಪರೀಕ್ಷೆಗೆ ಕೂರಿಸಿ. ನೆಸ್ಟ್, ಐಎಸ್‌ಐ ಎರಡರ ಪತ್ರಿಕೆಯೂ ಕನ್ನಡದಲ್ಲಿ ಇರುವುದಿಲ್ಲ ಎಂಬುದು ನೆನಪಿರಲಿ. ಪ್ಲಸ್ ವನ್‌ನಿಂದಲೇ ಇಂಗ್ಲಿಷಿನಲ್ಲಿ ಲೆಕ್ಕ ಓದುವ ಅಭ್ಯಾಸ ಮಾಡಿಸಬೇಕು.

ಹಳೆಯ ಮಾರ್ಗದರ್ಶಿಗಳಲ್ಲಿ ಎನ್‌ಟಿಎಸ್‌ಇ, ಕೆವಿಪಿವೈ ಎಂಬ ಸ್ಕಾಲರ್‌ಶಿಪ್ ಪರೀಕ್ಷೆಗಳ ಹೆಸರುಗಳು ಇನ್ನೂ ಕಾಣುತ್ತವೆ. ಮೊದಲನೆಯದು 2021ರಲ್ಲಿ ನಿಂತಿತು, ಎರಡನೆಯದು 2022ರಲ್ಲಿ. ಇವಕ್ಕೆ ತರಬೇತಿ ಕೊಡುತ್ತೇವೆ ಎನ್ನುವವರ ಬಳಿ ಹಣ ಕಟ್ಟುವ ಮೊದಲು ಕೊನೆಯ ಪರೀಕ್ಷೆ ಯಾವ ವರ್ಷ ನಡೆಯಿತು ಎಂದು ಕೇಳಿ. ಹಾಗೆಯೇ ತರಬೇತಿ ಕೇಂದ್ರಗಳೇ ನಡೆಸುವ ಸ್ಕಾಲರ್‌ಶಿಪ್ ಪರೀಕ್ಷೆ. ನನ್ನ ಅಕ್ಕನ ಮೊಮ್ಮಗನಿಗೆ ಅಂಥದೊಂದರಲ್ಲಿ ಶೇಕಡಾ 70 ಬಂತೆಂದು ಫೋನ್ ಬಂತು, ಮನೆಯಲ್ಲಿ ಪಾಯಸವಾಯಿತು. ಹೋಗಿ ನೋಡಿದರೆ ಆ 70 ಅವರದೇ ಶುಲ್ಕದಲ್ಲಿ ಕೊಡುವ ರಿಯಾಯಿತಿ. ಉಳಿದ 30 ಕಟ್ಟಲು ಎರಡು ಪವನು ಅಡವಿಡಬೇಕಾಗಿತ್ತು. ಕೈಗೆ ಹಣ ಕೊಡುವುದು ಸ್ಕಾಲರ್‌ಶಿಪ್, ಕೈಯಿಂದ ಹಣ ತೆಗೆಯುವುದು ಜಾಹೀರಾತು. ಗಲ್ಫಿನಲ್ಲಿರುವ ಒಬ್ಬರು ಮಗನಿಗೆ ಸ್ಯಾಟ್ ಆಗಿದೆ, ಅಮೆರಿಕದ ಯಾವ ವಿಶ್ವವಿದ್ಯಾನಿಲಯಕ್ಕೆ ಬರೆಯಲಿ ಎಂದು ಕೇಳಿದ್ದರು. ಅಮೆರಿಕದ ಸ್ಯಾಟ್ 1600 ಅಂಕದ್ದು, ಅಲ್ಲಿನ ಕೆಲವು ವಿಶ್ವವಿದ್ಯಾನಿಲಯಗಳು ಅದರ ಮೇಲೆ ಶುಲ್ಕ ವಿನಾಯಿತಿ ಕೊಡುವುದೂ ನಿಜ. ಆದರೆ ಇವರ ಮಗ ಬರೆದದ್ದು ಎಂಟನೆಯ ತರಗತಿಯ ಎರಡನೆಯ ಪತ್ರಿಕೆ.

ಎಂಜಿನಿಯರಿಂಗ್ ಮೊದಲಾದ ಕೋರ್ಸುಗಳಿಗೆ ಸೇರಲು ಬರೆಯುವ ಕರ್ನಾಟಕದ ಪ್ರವೇಶ ಪರೀಕ್ಷೆ ಸಿಇಟಿಯ ವಿಷಯ ಒಂದು ಮಾತು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ಕನ್ನಡ, ತುಳು ಮನೆಮಾತಿನ ಮಕ್ಕಳು ಗಡಿನಾಡ ಕನ್ನಡಿಗರು ಎಂಬ ನೆಲೆಯಲ್ಲಿ ಅಲ್ಲಿನ ಸರಕಾರಿ ಸೀಟಿಗೆ ಅರ್ಜಿ ಹಾಕಬಹುದು. ಇದು ಸ್ಕಾಲರ್‌ಶಿಪ್ ಅಲ್ಲ, ಆದರೆ ಶುಲ್ಕದಲ್ಲಿ ಆಗುವ ಉಳಿತಾಯ ಯಾವ ಸ್ಕಾಲರ್‌ಶಿಪ್ಪಿಗೂ ಕಡಿಮೆಯಲ್ಲ. ಅದಕ್ಕೆ 50 ಅಂಕದ ಒಂದು ಕನ್ನಡ ಪರೀಕ್ಷೆ ಬರೆಯಬೇಕು, 12 ಬಂದರೆ ಸಾಕು, ಮಟ್ಟ ನಾಲ್ಕನೆಯ ತರಗತಿಯದು. ಕನ್ನಡ ಶಾಲೆಯವರು ನಗುತ್ತಾ ಬರೆದು ಬರುತ್ತಾರೆ. ಮನೆಯಲ್ಲಿ ಕನ್ನಡ ಮಾತನಾಡಿ ಇಂಗ್ಲಿಷ್ ಶಾಲೆಯಲ್ಲಿ ಓದಿದವರು ಮಾತ್ರ ಒತ್ತಕ್ಷರಕ್ಕೆ ಹೆದರಿ ಹಿಂದಿನ ರಾತ್ರಿ ನನಗೆ ಫೋನ್ ಮಾಡುತ್ತಾರೆ.

ಕನ್ನಡ ಎಂಎ ಓದುವವರಿಗೆ

ವಿಜ್ಞಾನದವರಿಗೆ ಮಾತ್ರ ಹಣ, ಕನ್ನಡ ಓದಿದವರಿಗೆ ಏನಿದೆ ಎಂದು ಕೇಳುವವರಿಗೆ ನನ್ನ ಉತ್ತರ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಎಂಎ ಮಾಡುತ್ತಿರುವ ಮಗು ಕೊನೆಯ ವರ್ಷದಲ್ಲೇ ಅದಕ್ಕಿರುವ ಯುಜಿಸಿ ನೆಟ್ ಎಂಬ ಪರೀಕ್ಷೆ ಬರೆಯಬಹುದು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿ. ಅದರಲ್ಲಿ ಜೆಆರ್‌ಎಫ್ ಸಿಕ್ಕಿ ಸಂಶೋಧನೆಗೆ ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. 2023ರ ಜನವರಿಯಿಂದ ಈ ದರ. ವಯಸ್ಸಿನ ಮಿತಿ 30, ಹೆಂಗಸರಿಗೂ ಮೀಸಲಾತಿಯವರಿಗೂ ಐದು ವರ್ಷ ಹೆಚ್ಚು. ಎಂಎಯಲ್ಲಿ ಶೇಕಡಾ 55 ಬೇಕು, ಮೀಸಲಾತಿಯವರಿಗೆ 50.

ಮೂರು ಗಂಟೆಯಲ್ಲಿ ಎರಡು ಪತ್ರಿಕೆ: ಎರಡನೆಯದು ಕನ್ನಡ ಸಾಹಿತ್ಯ, 100 ಪ್ರಶ್ನೆ, ಕನ್ನಡದಲ್ಲೇ, ಮೊದಲನೆಯದು ಎಲ್ಲರಿಗೂ ಒಂದೇ, 50 ಪ್ರಶ್ನೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಒಂದೊಂದಕ್ಕೆ ಎರಡು ಅಂಕ, ಒಟ್ಟು 300. ಇಲ್ಲಿಯೂ ತಪ್ಪಿಗೆ ಅಂಕ ಕಳೆಯುವುದಿಲ್ಲ. ನಮ್ಮ ಮಕ್ಕಳು ಪಂಪನಲ್ಲಿ ಬೀಳುವುದಿಲ್ಲ, ಈ ಮೊದಲನೆಯ ಪತ್ರಿಕೆಯಲ್ಲಿ ಬೀಳುತ್ತಾರೆ. ಹಳಗನ್ನಡದ ಪದ್ಯವನ್ನು ಅನ್ವಯಿಸಿ ಓದಬಲ್ಲ ಹುಡುಗಿಗೆ ಸಂಖ್ಯಾಶ್ರೇಣಿ ಕಂಡರೆ ಕೈ ನಡುಗುತ್ತದೆ. ಹತ್ತನೆಯ ತರಗತಿಯ ನಂತರ ಅವಳು ಗಣಿತದ ಮುಖ ನೋಡಿಲ್ಲ. ಗಣಿತ, ತರ್ಕ, ಅಂಕಿಅಂಶ ಈ ಮೂರು ಭಾಗಕ್ಕೆ 15 ಪ್ರಶ್ನೆ, 30 ಅಂಕ. ಕಟ್-ಆಫ್ ಒಂದೆರಡು ಪ್ರಶ್ನೆಗಳಲ್ಲಿ ತಪ್ಪಿಹೋಗುವ ಕಡೆ 30 ಅಂಕವನ್ನು ಬಿಟ್ಟುಕೊಡಲು ಆಗುತ್ತದೆಯೇ?

ಅದಕ್ಕೆ ದಪ್ಪ ಮಾರ್ಗದರ್ಶಿ ಬೇಡ. ಎಂಟನೆಯ ತರಗತಿಯ ಮ್ಯಾಟ್ ಪತ್ರಿಕೆಗಳನ್ನೇ ಬಿಡಿಸಿ. ಶ್ರೇಣಿ, ಸಂಕೇತ, ರಕ್ತಸಂಬಂಧ, ವೆನ್ ಚಿತ್ರ, ಬಗೆಗಳು ಹೆಚ್ಚು ಕಡಿಮೆ ಅವೇ. ಕನ್ನಡದಲ್ಲಿ ಬಗೆ ತಿಳಿದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಗುರುತಿಸುವುದು ಒಂದು ತಿಂಗಳ ಕೆಲಸ.

ಕಳೆದ ಮಳೆಗಾಲದಲ್ಲಿ ಎಂಎ ಎರಡನೆಯ ವರ್ಷದ ಹುಡುಗಿಯೊಬ್ಬಳು ಶನಿವಾರಗಳಂದು ಬರತೊಡಗಿದಳು. ಮೊದಲ ದಿನ ಸಣ್ಣ ಮಕ್ಕಳ ಜೊತೆ ಚಾಪೆಯಲ್ಲಿ ಕೂರಲು ನಾಚಿಕೆ ಪಟ್ಟು ಕಂಬದ ಹತ್ತಿರ ನಿಂತಿದ್ದಳು. ನಾನು ಹಲಗೆಯಲ್ಲಿ 2, 6, 12, 20, 30 ಎಂದು ಬರೆದು ಮುಂದಿನದು ಯಾವುದು ಎಂದು ಕೇಳಿದೆ. ಅವಳು ಪುಸ್ತಕದಲ್ಲಿ ವ್ಯತ್ಯಾಸಗಳನ್ನು ಒಂದರ ಕೆಳಗೆ ಒಂದು ಬರೆಯತೊಡಗಿದಳು: 4, 6, 8, 10. ಸಲೂನಿನ ಹುಡುಗ ಪೆನ್ನು ಮುಟ್ಟಲಿಲ್ಲ. "ಒಂದು ಗುಣಿಸು ಎರಡು, ಎರಡು ಗುಣಿಸು ಮೂರು, ಮೂರು ಗುಣಿಸು ನಾಲ್ಕು. ನಲವತ್ತೆರಡು, ಅಕ್ಕ" ಎಂದು ಚಾಪೆಯಲ್ಲಿ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟ.